ಕೋಕಿಲಾಬೆನ್ ಅವರ ಮೊಪೆಡ್ಡಿನ ಕೀ

ಗೆಳತಿಯರೇ, ನೀವೆಲ್ಲ ನಗ್ತೀರಿ ಅಂತ ಗೊತ್ತಿದ್ದೂ ಹೇಳ್ತಿದೀನಿ. ಇವತ್ತು ಸೂರತ್ತಿನ ಅಡಾಜಣ್ ಬಡಾವಣೆಯ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಚೆನ್ನಾಗಿ ನಗೆಪಾಟಲಾದೆ.

ನಮ್ಮ ಪುಟ್ಟಿಯನ್ನು ನೋಡಿಕೊಳ್ಳೋ ಕೋಕಿಲಾಬೆನ್ (ಬೆನ್ ಅಂದ್ರೆ ಇಲ್ಲಿ ಅಕ್ಕ) ಕೆಲಸಕ್ಕೆ ಸ್ವಂತ ಮೊಪೆಡ್ಡಲ್ಲಿ ಬರ್ತಾರೆ. ಅವರು ಸೇರಿದ ವಾರದಿಂದಲೇ ನನ್ನದು ಒಂದೇ ರಾಗ. "ಹೇಗೂ ಗಾಡಿ ಇದೆಯಲ್ಲ, ಒಂದು ಕಟ್ಟು ಕೊತ್ತಂಬರಿ ತನ್ನಿ." "ಹೇಗೂ ಗಾಡಿ ಇದೆಯಲ್ಲ, ನಮ್ಮ ಮನೆಯವರನ್ನ ಬಸ್ ಸ್ಟಾಪಿಗೆ ಬಿಡಿ." ಇವತ್ತು ಗೋಧಿ ಡಬ್ಬ ಹಿಡಿದು, "ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬನ್ನಿ" ಅಂದೆ.

ಅವರು ಕೀ ತೆಗೆದು ನನ್ನ ಕೈಗಿಟ್ಟರು. "ಬೆನ್, ನಾನು ಬಂದಿರೋದು ಮಗು ನೋಡೋಕೆ. ಗಾಡಿಗೆ ಕೆಲಸ ಇದ್ದರೆ ನೀವೇ ಮಾಡಿಸಿ."

"ನನಗೆ ಸೈಕಲ್ ಬಿಟ್ಟು ಬೇರೇನೂ ಬರಲ್ಲ."

"ಸೂರತ್ತಿನಲ್ಲಿದ್ದುಕೊಂಡು? ಇಲ್ಲಿ ಅಜ್ಜಿಯರೂ ಗಾಡಿ ಓಡಿಸ್ತಾರೆ" ಅಂದರು, ನಿಜವಾದ ಕನಿಕರದಿಂದ.

ಪುಟ್ಟಿಯನ್ನು ರಜೆ ಹಾಕಿ ಮನೆಯಲ್ಲಿದ್ದ ಅವಳ ಅಪ್ಪನ ತೊಡೆ ಮೇಲೆ ಕೂರಿಸಿ, ನನ್ನನ್ನು ಕೆಳಗೆ ಕರ್ಕೊಂಡು ಹೋದರು. ಸೀರೆ ಎತ್ತಿ ಕಟ್ಟಿ ಹತ್ತಿದೆ. ಹಿಂದೆ ಹಿಡ್ಕೊಂಡು ಅವರು ಓಡಿದರು. ಕೇಬಲ್ ಟಿವಿ ಬಂದಮೇಲೆ ಬಾಲ್ಕನಿಗೇ ಬಾರದ ಹೆಂಗಸರೆಲ್ಲ ಹೊರಗೆ ನಿಂತು ಸಲಹೆ ಕೊಟ್ಟರು. ಎರಡು ಸಲ ಗೇಟಿಗೆ ಗುದ್ದಿದೆ. ಮೂರನೇ ಸುತ್ತಿನಲ್ಲಿ ಕೋಕಿಲಾಬೆನ್ ಯಾವಾಗ ಕೈ ಬಿಟ್ಟರೋ ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಹಿಟ್ಟು ನಾನೇ ತಂದೆ, ಯುದ್ಧ ಗೆದ್ದವಳ ಹಾಗೆ.

ಸಂಜೆ ಕೋಕಿಲಾಬೆನ್ ಚಪ್ಪಲಿ ಮೆಟ್ಟಿ ಮೊಪೆಡ್ಡಿನ ಹಿಂದಿನ ಸೀಟಲ್ಲಿ ಹಾಯಾಗಿ ಕೂತರು.

"ಹೇಗೂ ಓಡಿಸೋಕೆ ಬಂತಲ್ಲ ಬೆನ್, ಮನೆಗೆ ಬಿಡಿ."

ಬಿಟ್ಟೆ. ಗಾಡಿ ಅವರದಲ್ಲವೇ, ವಾಪಸ್ ಆಟೋದಲ್ಲಿ ಬಂದೆ.