ಎಲ್ಲಾ ನಮ್ಮದೇ ಎನ್ನುವ ಎಲ್ವೀರಾ

ಮಲೇಷ್ಯಾದ ಬಯಾನ್ ಲೆಪಾಸಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯವಳು ಮೆಕ್ಸಿಕೋದ ಎಲ್ವೀರಾ. ನನ್ನ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಪೊಲೀಸರು ಕಳವಿನ ಮಾಲು ಹುಡುಕುವ ಹಾಗೆ ಡಬ್ಬಿಗಳನ್ನೆಲ್ಲ ತೆರೆಯುವಳು. “ಮೆಣಸಿನಕಾಯಿ ನಮ್ದು ಅಮ್ಮಾ, ಟೊಮ್ಯಾಟೊ ನಮ್ದು, ಸೀಬೆಹಣ್ಣೂ ನಮ್ದೇ ಲಾ!” ಮಾತಿನ ಕೊನೆಯ ಆ ‘ಲಾ’ ಮಾತ್ರ ಈ ಊರಿನದು. ನನ್ನ ಹರುಕು ಇಂಗ್ಲಿಷಿನಲ್ಲಿ, “ಹಂಗಾದ್ರೆ ಹಾಗಲಕಾಯಿ ಯಾರ್ದೇ ಹುಡುಗಿ?” ಎಂದರೆ, “ಅದನ್ನ ನೀವೇ ಇಟ್ಕೊಳ್ಳಿ” ಎಂದು ಮೂಗು ಮುರಿಯುವಳು. ನಾನು ದೇವರ ಪಟಕ್ಕೆ ಮುಡಿಸಿದ ಚೆಂಡುಹೂವೂ ಅವಳ ದೇಶದ್ದೇ ಅಂತೆ. ಅಲ್ಲಿ ನವೆಂಬರಿನಲ್ಲಿ ಸತ್ತವರಿಗೆ ಎಡೆ ಇಟ್ಟು, ಬೀದಿಯಿಂದ ಎಡೆಯವರೆಗೆ ಅದರ ಎಸಳು ಚೆಲ್ಲುತ್ತಾರಂತೆ. ಆ ಘಮ ಹಿಡಿದು ಸತ್ತವರು ಮನೆ ಸೇರುತ್ತಾರಂತೆ. ಇದನ್ನು ಹೇಳುವಾಗ ಅವಳು ಅರ್ಧ ಗೇಣು ಎತ್ತರವಾಗುತ್ತಿದ್ದಳು. ಕೊರೊನಾ ಬಂದ ವರ್ಷ ಅವಳ ತಾಯಿ ಅಲ್ಲಿ ತೀರಿಕೊಂಡರು. ಹೋಗಲು ವಿಮಾನವಿರಲಿಲ್ಲ, ಮಣ್ಣು ಮಾಡಿದ್ದನ್ನು ಫೋನಿನಲ್ಲೇ ನೋಡಿದಳು. ನವೆಂಬರ್ ಬಂದಾಗ ಇಲ್ಲಿನ ತಮಿಳರ ಹೂವಿನಂಗಡಿಯೂ ಬಾಗಿಲು ಹಾಕಿತ್ತು. ಹಳದಿ ಕಾಗದ ಕತ್ತರಿಸಿ, ಲಿಫ್ಟಿನಿಂದ ತನ್ನ ಬಾಗಿಲವರೆಗೆ ಎಸಳು ಹಾಸಿದಳು. ಔಷಧಿ ಹೊಡೆಯಲು ಬಂದವರು ಅದನ್ನೂ ಗುಡಿಸಿಕೊಂಡು ಹೋದರು. ಮೆಕ್ಸಿಕೋ ಸುದ್ದಿಗೆ ಬಂದವರನ್ನು ಸುಮ್ಮನೆ ಬಿಡುವ ಹೆಂಗಸಲ್ಲ ಅವಳು, ಆದರೂ ಜಗಳಕ್ಕೆ ಹೋಗಲಿಲ್ಲ. “ಬಿಡಿ ಅಮ್ಮಾ, ಕಾಗದಕ್ಕೆಲ್ಲಿ ಘಮ? ಊರ ಸಂತೆ ದಾಟಿ ಹೋದೋಳಲ್ಲ ನಮ್ಮಮ್ಮ. ಇಲ್ಲಿಗೆ ಹೆಂಗೆ ಬರ್ತಾಳೆ?” ಎಂದಳು. ಆಮೇಲೊಂದು ದಿನ ಒಗ್ಗರಣೆ ಹಾಕುತ್ತ, ಬೇಕೆಂದೇ ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಅವಳ ಮುಂದೆ ಹಿಡಿದು, “ಇದು ಯಾರ್ದೇ ಹುಡುಗಿ?” ಎಂದು ಕೆಣಕಿದೆ. ಅವಳು ತಲೆಯನ್ನೂ ಎತ್ತದೆ, “ನಿಮ್ದೇ ಅಮ್ಮಾ” ಎಂದಳು.