ಮಣಿಕಟ್ಟಿನ ಮೇಲೆ ಹದಿನಾರು ಮಾತು

ಅವತ್ತು ಸೋಮವಾರ ಬೆಳಿಗ್ಗೆ ನನ್ನ ಗಂಡನ ಮಾತು ಹೋಯಿತು. ನಾನು ನಕ್ಕೆ.

ಅಮೆರಿಕದಲ್ಲಿ ಭಾನುವಾರ ರಾತ್ರಿ ಆಡುವ ಫುಟ್‌ಬಾಲ್ ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಟಿವಿಗೆ ಬರುವುದು ಸೋಮವಾರ ತಿಂಡಿಯ ಹೊತ್ತಿಗೆ. ಲಾಕ್‌ಡೌನ್ ಆಗಿ ಆಫೀಸೂ ಸ್ಕೂಲೂ ಮನೆಯೊಳಗೇ ಬಂದ ಮೇಲೆ ಇವರಿಗೂ ಮಗಳು ನಿಧಿಗೂ ಅದೇ ಹುಚ್ಚು. ಕ್ವಾರ್ಟರ್‌ಬ್ಯಾಕ್ ಎನ್ನುವ ಆಟಗಾರ ತಂಡದ ಮಿಕ್ಕ ಹತ್ತು ಜನಕ್ಕೆ ಗುಟ್ಟಿನ ಪದಗಳನ್ನು, ನಂಬರುಗಳನ್ನು ಕೂಗಿ ಆಟ ನಡೆಸುತ್ತಾನೆ. ಅಪ್ಪ ಮಗಳು ಸೋಫಾ ಮೇಲೆ ಕೂತು ಅವನನ್ನೇ ಅಣಕಿಸಿ ಬಾಯಿಗೆ ಬಂದದ್ದು ಕಿರುಚುತ್ತಿದ್ದರು. ಯಾರು ಎಷ್ಟು ವರ್ಷ ಬೆಂಚು ಕಾದ, ಯಾರು ಮೊಣಕಾಲು ಮುರಿದುಕೊಂಡೂ ವಾಪಸ್ ಬಂದ, ಯಾರ ಕೆರಿಯರ್ ಒಂದೇ ಪೆಟ್ಟಿಗೆ ಮುಗಿಯಿತು, ಎಲ್ಲ ಇವರಿಗೆ ಬಾಯಿಪಾಠ. ನನ್ನ ಹುಟ್ಟಿದ ದಿನ ಮಾತ್ರ ನೆನಪಿರುತ್ತಿರಲಿಲ್ಲ. ಕೂತಲ್ಲಿಂದಲೇ "ಸುಮಾ, ಕಾಫಿ", "ಸುಮಾ, ಚಾರ್ಜರ್" ಎಂದು ದಿನಕ್ಕೆ ಐವತ್ತು ಸಲ ಕೂಗುವುದು. ನಾನು ರೇಗುವುದು.

ಅವತ್ತು "ಇನ್ನೊಂದು ದೋಸೆ ಹಾಕ್ಲಾ?" ಎಂದೆ. ಇವರು ಏನೋ ಅರ್ಥವಿಲ್ಲದ್ದು ಹೇಳಿದರು. ಆಟದ ಕೂಗೇ ಅಂದುಕೊಂಡು ನಿಧಿ ತಿರುಗಿ ಕೂಗಿದಳು. ಮತ್ತೆ ಏನೋ ಅಂದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ತಟ್ಟೆ ಇವರ ಬಲಗೈಯಿಂದ ಜಾರಿತು.

ಬಾಯಿ ಒಂದು ಕಡೆಗೆ ಎಳೆದಿತ್ತು. ಪಕ್ಕದ ಮನೆಯ ಸೆಲ್ವಿ ಅಕ್ಕ ಮಾಸ್ಕ್ ಸಿಕ್ಕಿಸಿಕೊಂಡು ಕಾರು ತೆಗೆದರು. ದಾರಿಯಲ್ಲಿ ತಡೆದ ಪೊಲೀಸರು ಇವರ ಮುಖ ನೋಡಿದವರೇ ಬಿಟ್ಟರು. ಕೋವಿಡ್ ನಿಯಮವೆಂದು ಎಮರ್ಜೆನ್ಸಿ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು. ಸ್ಟ್ರೋಕ್. ಯಾವಾಗ ಶುರುವಾಯಿತೆಂದು ಡಾಕ್ಟರು ಕೇಳಿದಾಗ ನಾವು ನಕ್ಕ ಹತ್ತು ನಿಮಿಷವನ್ನೂ ಸೇರಿಸಿ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಸ್ಟಿಲ್ ಇನ್ ಟೈಮ್ ಲಾ, ಮೇಡಮ್," ಇಲ್ಲಿಯವರ ಧಾಟಿಯಲ್ಲಿ ಅಂದರು ಆ ಪುಣ್ಯಾತ್ಮ. ಅಲ್ಲೇ ಅತ್ತುಬಿಟ್ಟೆ.

ಜೀವ ಉಳಿಯಿತು. ಮಾತು ಉಳಿಯಲಿಲ್ಲ.

ಎಲ್ಲ ಅರ್ಥವಾಗುತ್ತದೆ, ಪದ ಮಾತ್ರ ಸಿಗುವುದಿಲ್ಲ. ಅದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ಮನೆಗೆ ಬಂದ ಮೇಲೆ ನೀರು ಬೇಕಾಗಿ ಇವರು ಮೇಜು ಕುಟ್ಟಿದರೆ ನಾನು ಫ್ಯಾನ್ ಹಾಕುತ್ತಿದ್ದೆ. ಇವರಿಗೆ ಸಿಟ್ಟು, ಆಮೇಲೆ ಅಳು. ಸಾಫ್ಟ್‌ವೇರ್ ಆಫೀಸಿನಲ್ಲಿ ದೊಡ್ಡ ಟೀಮ್ ನಡೆಸುತ್ತಿದ್ದ ಮನುಷ್ಯ! ಇನ್ನು ನನ್ನ ಹೆಸರು ಇವರ ಬಾಯಲ್ಲಿ ಬರುವುದೇ ಇಲ್ಲವೇನೋ ಅನ್ನಿಸುತ್ತಿತ್ತು.

ಒಂದು, ಎರಡು ಎಂದು ಎಣಿಸಲು ಮಾತ್ರ ಬರುತ್ತಿತ್ತು. ಅದನ್ನು ಹಿಡಿದದ್ದು ನಿಧಿ. ಕ್ವಾರ್ಟರ್‌ಬ್ಯಾಕುಗಳು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡಿರುತ್ತಾರೆ. ಅದರ ಮೇಲೆ ಆಟದ ನಡೆಗಳನ್ನು ನಂಬರು ಹಾಕಿ ಬರೆದ ಚೀಟಿ. ಕೋಚ್ ನಂಬರು ಹೇಳಿದರೆ ಇವನು ಚೀಟಿ ನೋಡಿ ಆಟ ಕೂಗುತ್ತಾನೆ. ನಿಧಿ ಹಳೇ ಸಾಕ್ಸ್ ಕತ್ತರಿಸಿ ಹಾಗೇ ಒಂದು ಹೊಲಿದಳು. ಕನ್ನಡ ಬರೆಯಲು ಬಾರದ ಹುಡುಗಿ, ಇಂಗ್ಲಿಷ್ ಅಕ್ಷರದಲ್ಲಿ ನೀರು, ಊಟ, ಕಾಫಿ, ನೋವು ಎಂದು ಹದಿನಾರು ಕನ್ನಡ ಮಾತು ಬರೆದಳು. ಇವರು ಒಂದರಿಂದ ಎಣಿಸುತ್ತಾ ಹೋಗಿ, ಬೇಕಾದಲ್ಲಿ ನಿಲ್ಲಿಸಬೇಕು. ಟಾಯ್ಲೆಟ್ಟನ್ನು ಹದಿನಾಲ್ಕಕ್ಕೆ ಹಾಕಿದ್ದಳು, ಜಾಣೆ. ಮೊದಲ ದಿನವೇ ಎಂಟಕ್ಕೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತು.

"ಸಾರಿ ಅಪ್ಪಾ! ಟಾಯ್ಲೆಟ್ ಈಸ್ ನಂಬರ್ ಒನ್ ನೌ!"

ಸ್ಟ್ರೋಕ್ ಆದ ಮೇಲೆ ಮನೆಯಲ್ಲಿ ಅವತ್ತೇ ಮೊದಲ ನಗು.

ಮೂರನೇ ತಿಂಗಳು. ಸೋಮವಾರ, ಟಿವಿಯಲ್ಲಿ ಆಟ. ಇವರು ನಾಲ್ಕರವರೆಗೆ ಎಣಿಸಿದರು. ಕಾಫಿ. ನಾನು ಎದ್ದು ಹೊರಟೆ.

"ಸು... ಸುಮಾ."

ತಿರುಗಿದೆ. ನನ್ನ ಹೆಸರು ಆ ಚೀಟಿಯಲ್ಲಿ ಇರಲಿಲ್ಲ. ಇವರು ಬೆವರುತ್ತಿದ್ದರು.

"ನೀ... ನೀನೂ."

"ಅಮ್ಮಾ, ಹೀ ಚೇಂಜ್ಡ್ ದ ಪ್ಲೇ!" ನಿಧಿ ಸೋಫಾ ಮೇಲೆ ಕುಣಿದಳು. ಕೋಚ್ ಕೊಟ್ಟ ಆಟವನ್ನು ಕೊನೇ ಗಳಿಗೆಯಲ್ಲಿ ಅಲ್ಲೇ ನಿಂತು ಬದಲಾಯಿಸುವವನೇ ನಿಜವಾದ ಕ್ವಾರ್ಟರ್‌ಬ್ಯಾಕ್ ಎಂದು ಅವಳಿಗೆ ಹೇಳಿಕೊಟ್ಟಿದ್ದು ಇವರೇ. ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತೆ.

ಈಗಲೂ ಪೂರ್ತಿ ವಾಕ್ಯ ಬರುವುದಿಲ್ಲ. ಟೀಮನ್ನು ಬೇರೆಯವರು ನಡೆಸುತ್ತಾರೆ. ಇವರು ಹಿಂದೆ ಕೂತು ಅವರ ಕೋಡ್ ತಿದ್ದುತ್ತಾರೆ. ಕೆಲಸ ಉಳಿಯಿತಲ್ಲ, ಸಾಕು. ಆ ಡಾಕ್ಟರಿಗೂ ಸೆಲ್ವಿ ಅಕ್ಕನಿಗೂ ದಿನಾ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ. "ಸುಮಾ" ಮತ್ತೆ ದಿನಕ್ಕೆ ಐವತ್ತು ಸಲ ಶುರುವಾಗಿದೆ. ಇನ್ನು ಯಾವತ್ತೂ ರೇಗುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ.

ನಿನ್ನೆ ರೇಗಿದೆ. ಈ ಸಲ ನಕ್ಕಿದ್ದು ಇವರು.