ಮಳೆಮಾಪಕದ ಬೇಲಿಯೊಳಗೆ ನೆಟ್ಟ ಗಿಡಗಳು

ಮಳೆಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ನೋಡಬೇಕು. ಎಂಟು ಇಪ್ಪತ್ತಕ್ಕೆ ಅಲ್ಲ, ಒಂಬತ್ತಕ್ಕಂತೂ ಅಲ್ಲವೇ ಅಲ್ಲ. ಚಿಂಚೋಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ತೊಂಬತ್ತರ ದಶಕದುದ್ದಕ್ಕೂ ಈ ಕೆಲಸವನ್ನು ಒಂದು ದಿನವೂ ತಪ್ಪಲು ಬಿಡಲಿಲ್ಲ. ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ಅಲ್ಲೇ ನಿಂತು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಪರೀಕ್ಷೆಯ ಪೇಪರು ತಿದ್ದಲು ಗುಲಬರ್ಗಾಕ್ಕೆ ಹೋದಾಗ ನನ್ನ ಹೆಂಡತಿ ಬಂದು ಓದುತ್ತಿದ್ದಳು. ಆ ದಿನಗಳ ಅಂಕಿಯ ಪಕ್ಕ ಅವಳದೇ ಸಹಿ ಇದೆ.

ಮಳೆಮಾಪಕ ದೊಡ್ಡ ಯಂತ್ರವೇನಲ್ಲ. ಶಾಲೆಯ ಬಯಲಿನಲ್ಲಿ ಒಂದು ಸಿಮೆಂಟ್ ಕಟ್ಟೆ, ಅದರಲ್ಲಿ ಕೂರಿಸಿದ ತಗಡಿನ ಡಬ್ಬಿ, ಡಬ್ಬಿಯೊಳಗೆ ಬಾಟಲಿ. ಹತ್ತಿರ ಗಿಡವಾಗಲಿ ಗೋಡೆಯಾಗಲಿ ಇರಕೂಡದು. ಇದ್ದರೆ ಡಬ್ಬಿಗೆ ಬೀಳಬೇಕಾದ ಮಳೆಯನ್ನು ಅದು ತಡೆಯುತ್ತದೆ. ಅದಕ್ಕೇ ಸುತ್ತಲೂ ಜಾಗ ಬಿಟ್ಟು ತಂತಿ ಬೇಲಿ ಹಾಕಿಸಿದ್ದೆ. ಊರಿನ ಆಡುಗಳು ನುಗ್ಗದ ಜಾಗ ಇಡೀ ಬಯಲಿನಲ್ಲಿ ಅದೊಂದೇ ಆಗಿತ್ತು. ಆಪತ್ತು ಬಂದದ್ದೂ ಅದರಿಂದಲೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಮೂರು ದೇಶಗಳ ದಾನಿಗಳು ಬಂದರು. ಭೂಮಿಯ ಬಿಸಿ ತಗ್ಗಿಸಲು ಅವರೆಲ್ಲ ಒಟ್ಟಾಗಿದ್ದರಂತೆ. ಚಂದ್ರಂಪಳ್ಳಿಯ ಜಲಾಶಯ ನೋಡಿ ನಮ್ಮ ಶಾಲೆಯಲ್ಲಿ ಗಿಡ ನೆಡುವ ಕಾರ್ಯಕ್ರಮ. ಒಂಬತ್ತಕ್ಕೆ ಎಂದವರು ಬಂದದ್ದು ಹನ್ನೆರಡಕ್ಕೆ. ಅಲ್ಲಿಯತನಕ ಮಕ್ಕಳು ಸಾಲಿನಲ್ಲಿ ನಿಂತೇ ಇದ್ದರು. ದಾನಿಗಳ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹೆಣ್ಣುಮಗಳು ಬಯಲಿನ ಮೇಲೆ ಕಣ್ಣಾಡಿಸಿ ನನ್ನ ಬೇಲಿಯತ್ತ ಕೈ ತೋರಿದಳು.

"ಅಲ್ಲೇ ನೆಡೋಣ. ಬೇಲಿ ರೆಡಿ ಇದೆಯಲ್ಲ."

"ಅಲ್ಲಿ ಬ್ಯಾಡ್ರಿ ಮೇಡಮ್ಮಾರ," ಎಂದೆ. "ಅದು ಮಳಿ ಅಳತಿ ಮಾಡೋ ಜಾಗ. ಗಿಡ ಇರಬಾರದು."

"ಗಿಡ ಇದ್ದರೆ ತಾನೆ ಸಾರ್ ಮಳೆ ಬರೋದು?"

ಅವಳು ಅದನ್ನು ಇಂಗ್ಲಿಷಿನಲ್ಲೂ ಹೇಳಿದಳು. ಮೂರು ದೇಶದವರೂ ನಕ್ಕರು. ಹೆಡ್ ಮಾಸ್ತರರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಬಿಡ್ರಿ ಮಾಸ್ತರ್ರೆ. ಹೊರಗ ನೆಟ್ರ ಸಂಜಿ ಅನ್ನೋದ್ರಾಗ ಆಡು ತಿಂತಾವ. ಆಮ್ಯಾಲ ನಾ ಇವ್ರಿಗಿ ಯಾವ ಮಾರಿ ತೋರಿಸ್ಲಿ?"

ನೆಟ್ಟದ್ದು ಬೇಗ ಬೆಳೆಯುವ ಸುಬಾಬುಲ್ ಗಿಡಗಳು. ಒಂದೊಂದರ ಬುಡದಲ್ಲೂ ಒಬ್ಬೊಬ್ಬ ದಾನಿಯ ಹೆಸರಿನ ಫಲಕ. ಮೂರನೆಯ ಮಳೆಗಾಲಕ್ಕೆ ಕೊಂಬೆಗಳು ಡಬ್ಬಿಯ ಮೇಲೆ ಕೈಚಾಚಿದವು. ನಮ್ಮ ಅಂಗಳದ ಬಕೀಟು ತುಂಬಿ ಚೆಲ್ಲಿದ ದಿನವೂ ಅಳತೆಗಾಜಿನ ತಳವಷ್ಟೇ ಒದ್ದೆ. ನಾಲ್ಕು ಕೊಂಬೆ ಕಡಿಸಿಕೊಡಿ ಎಂದು ಕೇಳಿದೆ. "ಹೆಸರು ಹಚ್ಚಿದ ಗಿಡ, ಮುಟ್ಟಂಗಿಲ್ಲ," ಎಂದರು ಹೆಡ್ ಮಾಸ್ತರರು. ಮಳೆ ಬಂದ ದಿನವೆಲ್ಲ ಅಂಕಿಯ ಎದುರು "ಗಿಡದ ಅಡ್ಡಿಯಿದೆ, ನಂಬಬೇಡಿ" ಎಂದು ಬರೆಯತೊಡಗಿದೆ.

ಮರುವರ್ಷ ಆ ಹೆಣ್ಣುಮಗಳು ದಪ್ಪ ಕಾಗದದ ಒಂದು ವರದಿಯೊಂದಿಗೆ ಬಂದಳು. ನನ್ನ ರಿಜಿಸ್ಟರಿನ ಅಂಕಿಗಳು ಅದರಲ್ಲಿ ಬಣ್ಣದ ಗೆರೆಯಾಗಿ ಕೆಳಗಿಳಿದಿದ್ದವು.

"ನೋಡಿ ಸಾರ್, ನಿಮ್ಮಲ್ಲಿ ಮಳೆ ಎಷ್ಟು ಇಳಿದಿದೆ! ಅದಕ್ಕೇ ಇನ್ನಷ್ಟು ಗಿಡ ಕೊಡ್ತಿದ್ದಾರೆ."

"ಮಳಿ ಇಳದಿಲ್ರಿ. ನಿಮ್ಮ ಗಿಡ ಡಬ್ಬಿಗಿ ಛತ್ರಿ ಹಿಡದಾವ. ಅಂಕಿ ಬಾಜೂಕ ನಾ ಬರದಿದ್ದು ಓದಿಲ್ಲೇನು?"

"ಅಂಕಿ ಮಾತ್ರ ತಗೊಂಡ್ವಿ. ಮೂರೂ ದೇಶದವರು ಒಪ್ಪಿಬಿಟ್ಟಿದ್ದಾರೆ, ಈಗ ಬದಲಾಯಿಸೋಕೆ ಆಗಲ್ಲ."

"ಮೂರು ದೇಶ ಒಪ್ಪಿದ್ರ ಬಾಟ್ಲಿದಾಗಿನ ನೀರು ಹೆಚ್ಚಾಗ್ತದೇನ್ರಿ?"

ಅವಳು ಗಡಿಯಾರ ನೋಡಿಕೊಂಡಳು.

ಬಿಸಿಲು ಏರುತ್ತಿರುವುದು, ಮಳೆ ಹಾದಿ ತಪ್ಪಿರುವುದು ನನಗೂ ಗೊತ್ತು. ಅದು ನಮ್ಮ ಊರಿನಲ್ಲಿ ಎಷ್ಟು ನಿಜ ಎಂದು ಹೇಳಬಲ್ಲ ದಾಖಲೆ ಒಂದೇ ಇತ್ತು. ಅದನ್ನೇ ಅವರು ಕೆಡಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದರು ಎಂದು ಈಗಲೂ ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ.

ಕೊನೆಗೆ ದಾರಿ ತೋರಿದವನು ಶಾಲೆಯ ಜವಾನ, ನನ್ನ ವಯಸ್ಸಿನವನೇ. "ಗಿಡ ಕಡದ್ರ ಇಬ್ಬರ ನೌಕ್ರಿನೂ ಹೋಗ್ತದ ಸರ್ರ. ಡಬ್ಬಿ ಕಿತ್ರ ಯಾರ್ ಕೇಳ್ತಾರ?"

ಜಾಗ ಬದಲಾದರೆ ಹಳೆಯ ಅಂಕಿಯೊಂದಿಗೆ ಹೊಸದನ್ನು ಹೋಲಿಸಲಾಗುವುದಿಲ್ಲ. ಅದು ಗೊತ್ತಿದ್ದೇ ಹೂಂ ಎಂದೆ. ಒಂದು ಭಾನುವಾರ ಇಬ್ಬರೂ ಸೇರಿ ಡಬ್ಬಿ ಕಿತ್ತು ವಾಲಿಬಾಲ್ ಆಡುವ ಜಾಗದ ನಡುವೆ ಕೂರಿಸಿ, ಸುತ್ತ ಜಾಲಿಮುಳ್ಳು ಒಟ್ಟಿದೆವು. ಆಟ ನಿಂತುಹೋದ ಹುಡುಗರು ಒಂದು ತಿಂಗಳು ನನಗೆ ನಮಸ್ಕಾರ ಮಾಡಲಿಲ್ಲ. ಹಳೆಯ ರಿಜಿಸ್ಟರಿಗೆ ಕೆಂಪು ಗೆರೆ ಎಳೆದು, ಹೊಸದರ ಮೊದಲ ಪುಟದಿಂದ ಶುರು ಮಾಡಿದೆ.

ಮುಂದಿನ ಸಲ ದಾನಿಗಳು ಬಂದಾಗ ಅವರ ಗಿಡಗಳು ಒಳ್ಳೆಯ ನೆರಳು ಕೊಡುತ್ತಿದ್ದವು. ಖಾಲಿ ಸಿಮೆಂಟ್ ಕಟ್ಟೆಯ ಮೇಲೆ ಚಹಾದ ಕಪ್ಪುಗಳನ್ನಿಟ್ಟು ಫೋಟೊ ತೆಗೆಸಿಕೊಂಡರು. ಡಬ್ಬಿ ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ. ಒಂಬತ್ತನೆಯ ತರಗತಿಯ ಗಂಟೆ ಹೊಡೆದಿತ್ತು, ಪಾಠಕ್ಕೆ ಹೋದೆ.